ಹಿತ್ತಿಲ ಸಮುದ್ರ

ನಮ್ಮ ಮನೆಯಲ್ಲಿ ಎರಡು ಸಮುದ್ರಗಳಿವೆ. ಒಂದು ಹಾಲ್‌ನಲ್ಲಿದೆ. ಆರಡಿ ಉದ್ದದ ಗಾಜಿನ ತೊಟ್ಟಿ, ನೀಲಿ ದೀಪ, ಗುಹೆಯಂತೆ ಪೇರಿಸಿದ ಕಲ್ಲು. ನೆಂಟರು ಕಾಫಿ ಲೋಟ ಹಿಡಿದು ನಿಲ್ಲುವುದು ಅದರ ಮುಂದೆ. ಇನ್ನೊಂದು ಹಿತ್ತಿಲ ಕಡೆ, ವಾಷಿಂಗ್ ಮಷೀನಿನ ಪಕ್ಕದಲ್ಲಿದೆ. ಅದರಲ್ಲಿ ಮರಳಿಲ್ಲ, ಕಲ್ಲಿಲ್ಲ. ಒಂದು ಹೀಟರು, ಒಂದು ಸ್ಪಂಜು, ನಾಲ್ಕು ತುಂಡು ಪಿವಿಸಿ ಪೈಪು, ಅಷ್ಟೆ. ಕೈ ತೊಳೆಯಲು ಆ ಕಡೆ ಹೋದ ನೆಂಟರೊಬ್ಬರು, "ಪ್ಲಂಬರ್ ಕೆಲಸ ಅರ್ಧಕ್ಕೆ ಬಿಟ್ಟು ಹೋದ್ನಾ?" ಎಂದು ಕನಿಕರದಿಂದ ಕೇಳಿದ್ದರು.

ಅದು ನಮ್ಮ ಮೀನುಗಳ ಕ್ವಾರಂಟೈನ್ ತೊಟ್ಟಿ. 2020ರಲ್ಲಿ ಹೊರದೇಶದಿಂದ ಬಂದವರ ಕೈಮೇಲೆ ಮುದ್ರೆ ಒತ್ತಲು ಶುರುಮಾಡಿದಾಗ ಈ ಪದ ಊರಿಗೆಲ್ಲ ಬಾಯಿಪಾಠವಾಯಿತು. ನಮ್ಮ ಮನೆಗೆ ಅದು ಮುಂಚೆಯೇ ಬಂದಿತ್ತು, ಒಂದು ನೀಲಿ ಮೀನಿನ ಬೆನ್ನೇರಿ.

ಬೆಂಗಳೂರಿನವನಿಗೆ ಸಮುದ್ರ ಬರುವುದು ಪ್ಯಾಕೆಟ್ಟಿನಲ್ಲಿ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿದರೆ ಮಂಗಳೂರೂ ಬೇಡ, ಕಾರವಾರವೂ ಬೇಡ. ಹವಳ ಇಟ್ಟುಕೊಳ್ಳುವಂತಿಲ್ಲ; ನಮ್ಮ ವನ್ಯಜೀವಿ ಕಾಯ್ದೆ ಅದಕ್ಕೆ ಹುಲಿಯ ಸಾಲಿನಲ್ಲಿ ಜಾಗ ಕೊಟ್ಟಿದೆ. ಹಾಗಾಗಿ ನನ್ನ ಸಂಸಾರವೆಂದರೆ ಆರೇಳು ಮೀನು, ಎರಡು ಸಿಗಡಿ. ಅದಕ್ಕೊಂದು ಕಳಶ ಇಟ್ಟಂತಾಗಲಿ ಎಂದು ಒಂದು ಬ್ಲೂ ಟ್ಯಾಂಗ್ ತಂದೆ. ಸಿನಿಮಾದ ಡೋರಿ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. "ಸ್ವಲ್ಪ ದಿನ ಬೇರೆ ಇಡಬೇಕಾ?" ಎಂದು ಅಂಗಡಿಯವನನ್ನು ಕೇಳಿದ್ದೆ. "ಅದೆಲ್ಲ ಏನೂ ಬೇಡ ಸಾರ್, ಆರಾಮಾಗಿ ಬಿಡಿ" ಎಂದ. ಆರಾಮಾಗಿ ಬಿಟ್ಟೆ.

ಐದನೆಯ ದಿನ ಡೋರಿಯ ಮೈಮೇಲೆ ಯಾರೋ ಚಿರೋಟಿ ರವೆ ಉದುರಿಸಿದಂತಿತ್ತು. ಅಮ್ಮ ಕನ್ನಡಕ ಏರಿಸಿ ನೋಡಿ, "ಅಮ್ಮ ಆಗಿದೆ ಕಣೋ" ಎಂದಳು. ಸಂಜೆ ಹೊತ್ತಿಗೆ ತೊಟ್ಟಿಯ ಮೇಲೆ ಬೇವಿನ ಸೊಪ್ಪು ತೂಗುತ್ತಿತ್ತು. ಎರಡು ವಾರದಲ್ಲಿ ಹಾಲ್‌ನ ಸಮುದ್ರ ಬರಿದಾಯಿತು. ಮೀನುಗಳಲ್ಲಿ ಉಳಿದದ್ದು ಒಂದೇ ಒಂದು ಡ್ಯಾಮ್ಸೆಲ್, ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುವ ಮುಂಗೋಪಿ. ಒಳ್ಳೆಯವರು ಬೇಗ ಹೋಗುತ್ತಾರೆ ಎಂಬ ಮಾತು ನೀರಿನೊಳಗೂ ನಿಜ.

ಆಮೇಲೆ ಓದಲು ಕೂತೆ. ಈ ಬಿಳಿ ಚುಕ್ಕೆಯ ಕರ್ತೃ ಕ್ರಿಪ್ಟೊಕ್ಯಾರಿಯನ್ ಎಂಬ ಏಕಕೋಶ ಜೀವಿ. ಮೀನಿನ ಚರ್ಮದೊಳಗೆ ಸೇರಿ ಮೂರರಿಂದ ಏಳು ದಿನ ಪುಷ್ಕಳವಾಗಿ ಉಣ್ಣುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಮೈ ಶುಭ್ರವಾಯಿತೆಂದು ನಾವು ದೇವರಿಗೆ ತುಪ್ಪದ ದೀಪ ಹಚ್ಚುವುದು ಇದೇ ಹೊತ್ತಿಗೆ. ಅದಾದರೋ ಕಲ್ಲಿಗೆ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು, ಒಳಗೇ ನೂರಾರಾಗಿ ಒಡೆಯುತ್ತದೆ. ಹೊರಬಂದ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾವು. ವಿಶಾಲ ಕಡಲಿನಲ್ಲಿ ಬಹುಪಾಲಿಗೆ ಆಗುವ ಗತಿಯೂ ಅದೇ. ನಮ್ಮ ಆರಡಿಯಲ್ಲಿ ಮಾತ್ರ ಬಂದ ಮರಿಗೆಲ್ಲ ಎಲೆ ಹಾಕಿದ ಪಂಕ್ತಿ.

ಇದಕ್ಕೆ ಮದ್ದು ತಾಮ್ರ. ನನ್ನ ಹೆಂಡತಿ ದಿನಾ ಬೆಳಿಗ್ಗೆ ತಾಮ್ರದ ಚೊಂಬಿನ ನೀರು ಕುಡಿಯುವವಳು, ಕೇಳಿ ಬೀಗಿದಳು. ಆದರೆ ಸಿಗಡಿಗೆ ತಾಮ್ರ ವಿಷ. ಕಲ್ಲು, ಮರಳು ಅದನ್ನು ಹೀರಿಕೊಂಡು ಲೆಕ್ಕ ತಪ್ಪಿಸುತ್ತವೆ. ಅದಕ್ಕೇ ಈ ಬೋಳು ತೊಟ್ಟಿ. ನಾನು ತಂದ ಔಷಧಿಯ ಲೆಕ್ಕದಲ್ಲಿ ಲೀಟರಿಗೆ 2ರಿಂದ 2.5 ಮಿಲಿಗ್ರಾಂ ತಾಮ್ರ, 30 ದಿನ. ಕಡಿಮೆಯಾದರೆ ರೋಗ ಹೋಗುವುದಿಲ್ಲ, ಹೆಚ್ಚಾದರೆ ಮೀನೇ ಹೋಗುತ್ತದೆ. ಸ್ಪಂಜಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಮೊದಲೇ ಬೆಳೆದಿರಬೇಕು. ಹೆಪ್ಪಿಲ್ಲದೆ ಮೊಸರಾಗದು. ಆದ್ದರಿಂದ ಆರೋಗ್ಯವಂತ ತೊಟ್ಟಿಯಲ್ಲಿ ಸದಾ ಒಂದು ಸ್ಪಂಜು ನೆನೆದಿರಬೇಕು, ಯಾವತ್ತೋ ಬರುವ ಕಾಯಿಲೆಗಾಗಿ.

ಮುಂಗೋಪಿ ಹಿತ್ತಿಲಿಗೆ ಹೋಯಿತು. ಹಾಲ್‌ನ ತೊಟ್ಟಿಯನ್ನು ಮೀನಿಲ್ಲದೆ 76 ದಿನ ಬಿಡಬೇಕಿತ್ತು, ಅಲ್ಲಿ ಅವಿತ ಮರಿಗಳು ಉಪವಾಸ ಸಾಯಲೆಂದು. ಅಷ್ಟು ದಿನವೂ ನೀಲಿ ದೀಪದಡಿ ಇದ್ದದ್ದು ಎರಡೇ ಸಿಗಡಿ. "ಇಬ್ಬರಿಗೆ ಇಷ್ಟು ದೊಡ್ಡ ಬಂಗಲೆಯಾ?" ಎಂದು ಎದುರುಮನೆಯವರು ಕೇಳಿದರು. ಮಕ್ಕಳೆಲ್ಲ ಹೊರದೇಶದಲ್ಲಿರುವ ಆ ದಂಪತಿಗೆ ನಾನೇನು ಉತ್ತರ ಹೇಳಲಿ?

ಮನೆಗೆ ಮಡಿಯೂ ಬಂತು. ಹಿತ್ತಿಲ ಬಕೆಟ್ಟು, ಬಲೆ, ಮಗ್ಗು ಹಾಲ್‌ನ ಕಡೆ ಸುಳಿಯಕೂಡದು. ಮೊದಲು ಹಾಲ್‌ನ ತೊಟ್ಟಿಗೆ ಊಟ, ಆಮೇಲೆ ಹಿತ್ತಿಲಿಗೆ. ಅಲ್ಲಿಂದ ಬಂದ ಮೇಲೆ ಮೊಣಕೈವರೆಗೆ ತೊಳೆದು ಒರೆಸಿಕೊಳ್ಳದೆ ಏನನ್ನೂ ಮುಟ್ಟುವಂತಿಲ್ಲ. "ಅಜ್ಜಿಯ ಮಡಿ ಕಂಡು ನಗ್ತಿದ್ರಂತಲ್ಲ, ಈಗ ನೀವೇ ಪಂಚೆ ಎತ್ತಿಕಟ್ಟಿ ಓಡಾಡ್ತಿದ್ದೀರಿ" ಎಂದು ಹೆಂಡತಿ ಆಡಿಕೊಂಡಳು.

ಅಜ್ಜಿಯ ಹೆಸರು ಬಂದದ್ದು ಸುಮ್ಮನೆ ಅಲ್ಲ. ನನಗೆ ಏಳು ವರ್ಷವಾಗಿದ್ದಾಗ ಮೈತುಂಬ ಅಮ್ಮ ಆಗಿತ್ತು. ಹಿತ್ತಿಲ ಕಡೆಯ ಸೌದೆ ಕೋಣೆಯನ್ನು ಸಾರಿಸಿ, ಬಾಗಿಲಿಗೆ ಬೇವು ಕಟ್ಟಿ, ನನ್ನನ್ನು ಅಲ್ಲಿ ಮಲಗಿಸಿದರು. ತಮ್ಮ ತಂಗಿಯರಿಗೆ ಪ್ರವೇಶವಿಲ್ಲ. ಜೊತೆಗೆ ಇದ್ದದ್ದು ಅಜ್ಜಿಯೊಬ್ಬಳೇ. ಕೆರೆಯಬೇಡ ಎಂದು ಬೇವಿನ ಕಡ್ಡಿಯಿಂದ ಬೆನ್ನು ನೇವರಿಸುತ್ತ, ಎಳನೀರು ಕುಡಿಸುತ್ತ, ತನ್ನ ಹಿರಿಯರು ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ಹೇಳುತ್ತಿದ್ದಳು. ತುಂಬಿದ ಮನೆಯಲ್ಲಿ ನನ್ನ ಪಾಲಿಗೆ ಪೂರ್ತಿ ಒಬ್ಬರು ಸಿಕ್ಕಿದ್ದು ಆ ಹನ್ನೊಂದು ದಿನ ಮಾತ್ರ.

ಕ್ವಾರಂಟೈನ್ ಎಂದರೆ ವೆನಿಸ್ಸಿನವರ ಮಾತಿನಲ್ಲಿ ನಲವತ್ತು. ಪ್ಲೇಗಿನ ಕಾಲದಲ್ಲಿ ಹಡಗುಗಳನ್ನು ಅಷ್ಟು ದಿನ ದಡದಾಚೆ ನಿಲ್ಲಿಸುತ್ತಿದ್ದರು. ಹೋದ ವರ್ಷ ಮತ್ತೆ ಧೈರ್ಯಮಾಡಿ ಒಂದು ಪುಟ್ಟ ಬ್ಲೂ ಟ್ಯಾಂಗ್ ತಂದಾಗ, ನಾನೂ ನಲವತ್ತು ದಿನ ಎಂದು ಸಂಕಲ್ಪ ಮಾಡಿದೆ. ಮೊದಲ ರಾತ್ರಿಯೇ ಅದು ಪೈಪಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ನಿಟ್ಟುಸಿರುಬಿಟ್ಟು ಬಲೆ ಹಾಕಿದರೆ ಚಂಗನೆ ಎದ್ದು ಓಡಿತು. ಈ ಜಾತಿಯ ಮೀನು ಮಲಗುವುದೂ ಹಾಗೆಯೇ, ಹೆದರಿದರೆ ಸತ್ತಂತೆ ನಟಿಸುವುದೂ ಹಾಗೆಯೇ. ಮೂರನೆಯ ದಿನ ಪಾಚಿಯ ಹಾಳೆ ಕಚ್ಚಿತು. ಹತ್ತನೆಯ ದಿನ ನನ್ನ ಚಪ್ಪಲಿ ಸದ್ದಿಗೆ ಗಾಜಿನ ಬಳಿ ಬಂತು. ನೋಡಲು ಬೇರೇನೂ ಇಲ್ಲದ ತೊಟ್ಟಿಯಲ್ಲಿ ಅದಕ್ಕೆ ನಾನು, ನನಗೆ ಅದು. ಅದರ ರೆಕ್ಕೆಯ ಸಣ್ಣ ಸೀಳೂ ನನಗೆ ಬಾಯಿಪಾಠ. ಕಾಫಿ ಕುಡಿಯುವುದು ವಾಷಿಂಗ್ ಮಷೀನಿಗೆ ಒರಗಿಯೇ ಎಂದಾಯಿತು.

ನಲವತ್ತು ತುಂಬಿತು. ಹಾಲ್‌ನ ನೀರಿಗೆ ನಿಧಾನವಾಗಿ ಒಗ್ಗಿಸಿ ಬಿಟ್ಟೆ. ಒಂದು ಕ್ಷಣ ಬೆರಗಾಗಿ ನಿಂತದ್ದು ಸರಕ್ಕನೆ ಕಲ್ಲುಗಳ ಹಿಂದೆ ಮಾಯವಾಯಿತು. ಈಗ ಚೆನ್ನಾಗಿದೆ, ಮುಂಗೋಪಿಯ ಜೊತೆಗೂ ಹೊಂದಿಕೊಂಡಿದೆ. ನನ್ನ ಚಪ್ಪಲಿ ಸದ್ದಿಗೆ ಮಾತ್ರ ತಿರುಗುವುದಿಲ್ಲ.

ಆ ದಿನ ಪೈಪುಗಳನ್ನು ತೊಳೆದು ತಾರಸಿಗೆ ಒಯ್ದೆ. ಮುಂದಿನವರಿಗೆ ಸೋಂಕು ಉಳಿಯಬಾರದೆಂದು ಒಣಗಿಸಬೇಕು. ಬಿಸಿಲಿಗೆ ಒಂದೊಂದನ್ನೇ ಸಾಲಾಗಿ ಇಡುತ್ತಿದ್ದಾಗ ಹನ್ನೊಂದನೆಯ ದಿನ ನೆನಪಾಯಿತು. ತಲೆಗೆ ಬೇವಿನ ನೀರು ಹಾಕಿ, ಹೊಸ ಚಡ್ಡಿ ತೊಡಿಸಿ, ಬಾಗಿಲು ತೆಗೆದರು. ಬೀದಿಯಲ್ಲಿ ಗೋಲಿ ಆಟ ನಡೆದಿತ್ತು. ಒಂದೇ ಓಟ ಕಿತ್ತೆ. ಅಜ್ಜಿ ಒಳಗೆ ಚಾಪೆ ಸುತ್ತುತ್ತಿದ್ದಿರಬೇಕು, ಬಿಸಿಲಿಗೆ ಹಾಕಲು. ನಾನು ತಿರುಗಿ ನೋಡಿದ ನೆನಪಿಲ್ಲ.