ಕೊಡಗಿನ ಮದುವೆಯ ಕುಣಿತ

ಕೊಡಗಿನಲ್ಲಿ ಮದುವೆಯ ಆರತಕ್ಷತೆಗೆ ಕುಣಿತವನ್ನಾರಿಸುವ ಮನೆಯವರಿಗೆ ಆಯ್ಕೆಯ ಕೊರತೆಯಿಲ್ಲ. ಕಾವೇರಮ್ಮನನ್ನು ನೆನೆದು, ಕೈಯಲ್ಲಿ ತಾಳ ಹಿಡಿದು ಹೆಂಗಳೆಯರು ಸುತ್ತುಗಟ್ಟಿ ಆಡುವ ಉಮ್ಮತ್ತಾಟ್ ಸಭಾಮಂಟಪಕ್ಕೆ ಒಪ್ಪುವಂಥದು. ದೀಪದ ಸುತ್ತ ಗಂಡಸರು ಚೌರಿ ಬೀಸಿ ಕುಣಿಯುವ ಬೊಳಕಾಟೂ ಕಣ್ಣಿಗೆ ಹಬ್ಬವೇ. ಇವೆರಡೂ ಕುಳಿತು ನೋಡುವಂಥವು.

ವಾಲಗದ ಕುಣಿತ ಹಾಗಲ್ಲ. ಅದು ಬಂದವರೆಲ್ಲರನ್ನೂ ಅಂಗಳಕ್ಕೆಳೆಯುತ್ತದೆ. ಗಂಗಾಪೂಜೆ ಮುಗಿಸಿ, ನೀರಿನ ಕೊಡವನ್ನು ತಲೆಯ ಮೇಲೆ ಹೊತ್ತು ವಧು ಹೊರಟೊಡನೆ ವಾಲಗ ಮೊಳಗುತ್ತದೆ; ವರನ ಕಡೆಯವರು ಕುಣಿಯುತ್ತ ಅವಳ ದಾರಿಗೆ ಅಡ್ಡವಾಗುತ್ತಾರೆ. ಹೊಸಮನೆಯಲ್ಲಿ ಅವಳ ತಾಳ್ಮೆಗೆ ಅದೇ ಮೊದಲ ಪರೀಕ್ಷೆ. ಗಂಟೆಗಳು ಉರುಳಿದರೂ ಕೊಡವನ್ನು ಇಳಿಸುವಂತಿಲ್ಲ.

ಆದುದರಿಂದ ಒಳ್ಳೆಯ ವಾಲಗದವರನ್ನು ಕರೆಸಿದರೆ ಸಾಲದು. ಹೊತ್ತರಿತು ಕುಣಿತವನ್ನು ನಿಲ್ಲಿಸಬಲ್ಲ ಹಿರಿಯರೊಬ್ಬರೂ ಬೇಕು. ಕುಣಿಯುವವರ ಉತ್ಸಾಹಕ್ಕೆ ಕೊನೆಯಿಲ್ಲ. ಕೊಡ ಹೊತ್ತವಳ ಕೊರಳಿಗೆ ಮಿತಿಯುಂಟು.