ಕುಲುಮೆಗೆ ಕಿಟಕಿ ಬೇಡ, ತಮ್ಮಾ

ಪ್ರೀತಿಯ ತಮ್ಮಾ,

ನೀನು ಕಳಿಸಿದ ನಕ್ಷೆ ನೋಡಿದೆ. ಹಿತ್ತಲಲ್ಲಿ ಬಚ್ಚಲು, ಪಾಯಿಖಾನೆ, ಅಡುಗೆಮನೆಗೆ ನಿಂತು ಬೇಯಿಸುವ ಕಟ್ಟೆ, ಇವಕ್ಕೆ ನನ್ನ ತಕರಾರಿಲ್ಲ. ಅವ್ವನ ಮೊಣಕಾಲು ನೋಡಿದರೆ ಇದೆಲ್ಲ ಎಂದೋ ಆಗಬೇಕಿತ್ತು. ಆದರೆ ಮಾಳಿಗೆ ಕಿತ್ತು ಆರ್‌ಸಿಸಿ, ಕಲ್ಲುಗೋಡೆಗೆ ಸಿಮೆಂಟು, ಕುಲುಮೆಗೆ ದೊಡ್ಡ ಕಿಟಕಿ ಇಟ್ಟು ಗೆಸ್ಟ್ ರೂಮ್ ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜ ತಿದಿ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ನಿನ್ನ ಲೆಕ್ಕದಲ್ಲಿ ಅದು ಸೌದೆ ತುಂಬಿದ ಕತ್ತಲ ಕೋಣೆ. ಆದರೆ ಆ ಕತ್ತಲು ಬೇಕೆಂದೇ ಕಟ್ಟಿದ್ದು. ಕಮ್ಮಾರನಿಗೆ ಕಾವು ಅಳೆಯುವ ಸಾಧನ ಕಣ್ಣೊಂದೇ. ಕಬ್ಬಿಣ ಮಂಕು ಕೆಂಪಾಯಿತೆಂದರೆ ಸುಮಾರು 700 ಡಿಗ್ರಿ, ಕಿತ್ತಳೆಗೆ ತಿರುಗಿದರೆ 900 ದಾಟಿತು, ಎರಡು ತುಂಡು ಬೆಸೆಯಬೇಕಾದರೆ ಹಳದಿಯೂ ಬೆಳ್ಳಗಾಗಬೇಕು. ಬಿಸಿಲು ಬಿದ್ದ ಕೋಣೆಯಲ್ಲಿ ಮಂಕು ಕೆಂಪು ಕಾಣುವುದೇ ಇಲ್ಲ. ಕಾಣದೆ ಬಡಿದರೆ ಕುಡಗೋಲು ಸೀಳುತ್ತದೆ. ಅದಕ್ಕೇ ಒಲೆಯ ಮೂರು ಕಡೆಗೂ ಹೊರಕ್ಕೆ ಕಿಂಡಿಯಿಲ್ಲದ ಗೋಡೆ.

ಹಾಗಾದರೆ ನೀರಿನ ಕಲ್ಲುಬಾನಿ ಒಲೆಯ ಪಕ್ಕ ಇರದೆ ಬಾಗಿಲ ಹತ್ತಿರ ಯಾಕಿದೆ? ಕೆಲಸಕ್ಕೆ ದೂರವಾಗುವುದಿಲ್ಲವೇ? ನಾನೂ ಅಜ್ಜನನ್ನು ಕೇಳಿದ್ದೆ. ಕಾಯಿಸಿ ನೀರಿಗದ್ದಿದ ಉಕ್ಕು ಗಡುಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಬೇಕು. ಆಗ ಉಜ್ಜಿದ ಅಲಗಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಓಡುತ್ತವೆ. ಇದೆಲ್ಲ 300 ಡಿಗ್ರಿಯ ಆಸುಪಾಸಿನೊಳಗೇ ಮುಗಿಯುತ್ತದೆ. ಈ ಬಣ್ಣಗಳು ಬೆಂಕಿಯವಲ್ಲ, ಅಲಗಿನ ಮೈಮೇಲಿನ ತೆಳು ಪೊರೆಯವು. ಅವನ್ನು ನೋಡಲು ಹಗಲ ಬೆಳಕೇ ಬೇಕು. ಅಜ್ಜ ಇಕ್ಕಳದಲ್ಲಿ ಹಿಡಿದು ಬಾಗಿಲಿಗೆ ಬರುತ್ತಿದ್ದ, ತನಗೆ ಬೇಕಾದ ಬಣ್ಣ ಬಂದ ಕ್ಷಣಕ್ಕೆ ಬಾನಿಗೆ ಅದ್ದುತ್ತಿದ್ದ. ಒಳಗೆ ಕತ್ತಲು, ಬಾಗಿಲಲ್ಲಿ ಬೆಳಕು, ನಡುವೆ ಕಬ್ಬಿಣ ಬಡಿಯುವ ಅಡಿಗಲ್ಲು. ಕಟ್ಟಿದವರು ಯಾರೋ ನಮಗೆ ಹೆಸರೂ ಗೊತ್ತಿಲ್ಲ, ಆದರೆ ಬಾಗಿಲನ್ನು ಎಲ್ಲಿಡಬೇಕೆಂದು ಅವರಿಗೆ ನಿನ್ನ ಎಂಜಿನಿಯರ್‌ಗಿಂತ ಚೆನ್ನಾಗಿ ಗೊತ್ತಿತ್ತು.

ಒಲೆಯ ಹಿಂದಿನ ಗೋಡೆ ಮಾತ್ರ ಉಳಿದದ್ದಕ್ಕಿಂತ ಕೆಂಪಗಿದೆಯಲ್ಲ, ಅದು ಬೇರೆ ಗಣಿಯ ಕಲ್ಲಲ್ಲ. ಎಲ್ಲವೂ ನಮ್ಮ ಬಾದಾಮಿ ಕಡೆಯ ಮರಳುಗಲ್ಲೇ. ಅದರೊಳಗಿನ ಕಬ್ಬಿಣದಂಶ ಕಾವು ತಿಂದು ಹಾಗೆ ಕೆಂಪಾಗಿದೆ. ಆದರೆ ಮರಳುಗಲ್ಲಿಗೆ ನೇರ ಬೆಂಕಿ ಆಗುವುದಿಲ್ಲ. ಅದರಲ್ಲಿರುವ ಬೆಣಚು ಸುಮಾರು 573 ಡಿಗ್ರಿಗೆ ತಟ್ಟನೆ ಹಿಗ್ಗುತ್ತದೆ, ಕಲ್ಲು ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಅದಕ್ಕೇ ಒಲೆಯ ಸುತ್ತ ದಪ್ಪ ಮಣ್ಣಿನ ಮೆತ್ತಿಗೆ. ಪ್ರತಿ ವರ್ಷ ಕೆರೆದು ಹೊಸದಾಗಿ ಬಳಿಯುವುದು ಅಜ್ಜಿಯ ಪಾಲಿನ ಕೆಲಸವಾಗಿತ್ತು. ತಿದಿ ಒತ್ತುತ್ತಿದ್ದವಳೂ ಅವಳೇ. ತಿದಿಯ ಪಕ್ಕದ ಗೋಡೆಯಲ್ಲಿ ಅಡುಗೆಮನೆಗೆ ತೂತಾದ ಒಂದು ಗೂಡಿದೆ, ನಿನ್ನ ನಕ್ಷೆಯಲ್ಲಿ ಅದನ್ನು ಮುಚ್ಚಿಸಿದ್ದೀಯ. ಮುಂದಿನ ಸಲ ಬಂದಾಗ ಅಲ್ಲಿ ಕೂತು ನೋಡು. ನಿಂತವರಿಗೆ ಅದು ಉಪಯೋಗವಿಲ್ಲ. ಕೂತು ತಿದಿ ಒತ್ತುವವಳ ಕಣ್ಣಿನ ಮಟ್ಟಕ್ಕಿದೆ. ಅಲ್ಲಿಂದ ಅಡುಗೆಯ ಒಲೆಯ ಮೇಲಿನ ಗಡಿಗೆ ಕಾಣುತ್ತದೆ, ತೊಟ್ಟಿಲೂ ಕಾಣುತ್ತದೆ.

ಛಾವಣಿಯ ವಿಷಯಕ್ಕೆ ಬರುತ್ತೇನೆ. ಮನೆಗೆ ಮಣ್ಣಿನ ಮಾಳಿಗೆ, ಕುಲುಮೆಗೆ ಮಾತ್ರ ಕಲ್ಲಿನ ಹಾಸು, ಕಿಡಿ ಹಾರುವ ಕಡೆ ಕಟ್ಟಿಗೆಯ ಜಂತಿ ಇರಬಾರದಲ್ಲ. ಚಪ್ಪಡಿಗಳ ಸಂದಿಯ ಮೇಲೆ ಉದ್ದುದ್ದ ಕಲ್ಲುಪಟ್ಟಿ ಕೂರಿಸಿದ್ದಾರೆ. ಐಹೊಳೆಯ ಲಾಡ್‌ಖಾನ್ ಗುಡಿಯ ಮೇಲೂ ಇಂಥದೇ ಪಟ್ಟಿಗಳಿವೆ, ಮರದ ದಿಮ್ಮಿಯ ಆಕಾರದಲ್ಲಿ. ಊರಿನ ಮನೆ ನೋಡಿ ಗುಡಿ ಕಟ್ಟಿದರೋ, ಗುಡಿ ನೋಡಿ ಮನೆ ಕಟ್ಟಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಾಳಿಗೆ ಸೋರುತ್ತದೆ, ನಿಜ. ಮುಂಗಾರಿಗೆ ಮೊದಲು ಕರಲು ಮಣ್ಣು ಹರಡಿ ತುಳಿಸುವವರು ಯಾರೂ ಇಲ್ಲ, ಸೋರದೆ ಏನು ಮಾಡೀತು? ಆದರೆ ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಆರ್‌ಸಿಸಿ ಕೆಳಗೆ ಮಲಗಿ ನೋಡು, ರಾತ್ರಿ ಹೊರಸು ಅಂಗಳಕ್ಕೆ ತರುತ್ತೀಯ.

ಸಿಮೆಂಟಿನದು ಇನ್ನೂ ಕೆಟ್ಟದ್ದು. ನೆಲದಿಂದ ಏರುವ ತೇವ ಈಗ ಮಣ್ಣಿನ ಸಂದಿಯಿಂದ ಆರಿಹೋಗುತ್ತಿದೆ. ಸಂದಿಗೆ ಸಿಮೆಂಟು ತುಂಬಿದರೆ ಅದು ಕಲ್ಲಿನ ಮೂಲಕವೇ ಹೊರಬರಬೇಕು. ಬರುವಾಗ ಉಪ್ಪು ತರುತ್ತದೆ, ಉಪ್ಪು ಹರಳುಗಟ್ಟಿ ಕಲ್ಲಿನ ಮೈ ಉದುರುತ್ತದೆ. ಸಂದಿ ತುಂಬಲೇಬೇಕೆಂದರೆ ಸುಣ್ಣದ ಗಾರೆ ಸಾಕು.

ಅಂಗಳದಲ್ಲಿ ಕಾರಿಗೆ ಗುರುತು ಹಾಕಿದ್ದೀಯಲ್ಲ, ಅಲ್ಲೇ ಕುರುಳಿನ ಬೆಂಕಿಯಲ್ಲಿ ಬಂಡಿಯ ಹಳಿ ಕಾಯಿಸಿ ಗಾಲಿಗೆ ಕೂರಿಸುತ್ತಿದ್ದರು. ಕಾರು ಅಲ್ಲೇ ನಿಲ್ಲಲಿ, ನನ್ನ ಆಕ್ಷೇಪವಿಲ್ಲ.

ಕುಲುಮೆಯನ್ನು ಗುಡಿ ಮಾಡಿ ಬೀಗ ಹಾಕು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮಂಚ ಹಾಕು, ಮಕ್ಕಳು ಮಲಗಲಿ. ಬೇಸಿಗೆಯಲ್ಲಿ ಅದಕ್ಕಿಂತ ತಂಪಾದ ಜಾಗ ಊರಲ್ಲಿಲ್ಲ. ಗೋಡೆ ಒಡೆಯಬೇಡ, ಗೂಡು ಮುಚ್ಚಬೇಡ, ಬಾನಿ ಕದಲಿಸಬೇಡ. ಮಾಳಿಗೆಯ ಮಣ್ಣಿನ ಖರ್ಚಿನಲ್ಲಿ ಅರ್ಧ ನನ್ನದು. ಮೇಸ್ತ್ರಿಗೆ ಮುಂಗಡ ಕೊಡುವ ಮುಂಚೆ ನನಗೊಂದು ಫೋನ್ ಮಾಡು.

ನಿನ್ನ
ಅಕ್ಕ