ಅಗತ್ಯದವರು, ಅಗತ್ಯವಿಲ್ಲದವರು

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ದೂರದರ್ಶನದಲ್ಲಿ ಮಾತನಾಡಿದರು. ಹನ್ನೆರಡಕ್ಕೆ ದೇಶ ಮುಚ್ಚಿತು. ನಡುವೆ ಇದ್ದದ್ದು ನಾಲ್ಕು ಗಂಟೆ. ಮುಚ್ಚಿದ್ದನ್ನು ತೆರೆಯುವುದಕ್ಕೆ, ಮುಂಬಯಿಯ ಮಟ್ಟಿಗಂತೂ, ಒಂದೂವರೆ ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಆ ದಿನಗಳ ಮಾತು ಬಂದಾಗ ಜನರಲ್ಲಿದ್ದ ರೋಷವನ್ನು 'ಲಾಕ್‌ಡೌನಿನ ಸಿಟ್ಟು' ಎಂದು ಕರೆಯುವುದು ಈಗ ರೂಢಿಯಾಗಿದೆ. ನಮಗೆ ಹಾಗನ್ನಿಸುವುದಿಲ್ಲ. ಮುಚ್ಚಿದಾಗ ಜನ ಹೆದರಿದರು, ಕಂಗೆಟ್ಟರು, ಲಕ್ಷಾಂತರ ಮಂದಿ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದರು. ಮುಚ್ಚುವಿಕೆಯ ಪೆಟ್ಟು ಎಲ್ಲರಿಗೂ ಒಂದೇ ಸಮನಾಗಿ ಬಿತ್ತು ಎಂದು ಯಾರೂ ಹೇಳಲಾರರು. ಆದರೆ ಆದೇಶ ಮಾತ್ರ ಎಲ್ಲರಿಗೂ ಒಂದೇ ಮಾತು ಹೇಳಿತ್ತು: ಮನೆಯಲ್ಲಿರಿ. ತೆರೆಯಲು ತೊಡಗಿದ ಮೇಲೆ ಆದೇಶಗಳು ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಲಾರಂಭಿಸಿದವು. ಸಿಟ್ಟು ಹುಟ್ಟಿದ್ದು ಆಗ.

ಮೊದಲು ಜಿಲ್ಲೆಗಳಿಗೆ ಬಣ್ಣ ಬಳಿದರು. 2020ರ ಮೇ ತಿಂಗಳ ಆರಂಭದಲ್ಲಿ 130 ಜಿಲ್ಲೆಗಳು ಕೆಂಪು, 284 ಕಿತ್ತಳೆ, 319 ಹಸಿರು. ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಬಿಗಿಗೊಳಿಸಬಹುದು, ಸಡಿಲಿಸುವಂತಿಲ್ಲ ಎಂಬುದು ನಿಯಮ. ಸರಕಾರಿ ಕಡತಗಳ ನಡುವೆ ಬದುಕುವವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಮೇಲಿನವರು ಒಂದು ಗೇಣು ತೆರೆದರೆ ಕೆಳಗಿನವರು ನಾಲ್ಕು ಬೆರಳು ಮುಚ್ಚಬಹುದು. ಅವರ ಕೆಳಗಿನವರು ಉಳಿದದ್ದನ್ನೂ ಮುಚ್ಚಬಹುದು. ಗೃಹ ಮಂತ್ರಾಲಯ, ರಾಜ್ಯದ ಮುಖ್ಯ ಕಾರ್ಯದರ್ಶಿ, ಮಹಾನಗರಪಾಲಿಕೆಯ ಆಯುಕ್ತರು, ಪೊಲೀಸರು ಎಂದು ಇಳಿದುಬರುವ ಆದೇಶ ಕೊನೆಗೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಕೈಗೆ ಬಂದಾಗ, ಮನೆಗೆಲಸದಾಕೆ ಒಳಗೆ ಬರಬಹುದೇ ಬಾರದೇ ಎಂಬುದನ್ನು ನಿರ್ಧರಿಸುವವನು ಗೇಟಿನ ಕಾವಲುಗಾರನಾಗಿದ್ದ. ಮೇ 4ರಂದು ಮುಂಬಯಿಯಲ್ಲಿ ಮದ್ಯದಂಗಡಿಗಳು ತೆರೆದವು, ಮೈಲುದ್ದದ ಸಾಲುಗಳನ್ನು ಕಂಡು ಎರಡೇ ದಿನಕ್ಕೆ ಮುಚ್ಚಿದವು. ಜೂನ್ ಕೊನೆಯಲ್ಲಿ ಅನಗತ್ಯ ಕಾರಣಕ್ಕೆ ಮನೆಯಿಂದ ಎರಡು ಕಿಲೋಮೀಟರಿಗಿಂತ ಆಚೆ ಹೋಗಬಾರದು ಎಂದು ಪೊಲೀಸರ ಅಪ್ಪಣೆಯಾಯಿತು; ಕೆಲವೇ ದಿನಗಳಲ್ಲಿ ಅದೂ ಹಿಂದೆ ಸರಿಯಿತು. ಅಂಗಡಿಗಳನ್ನು ರಸ್ತೆಯ ಎಡಬಲ ನೋಡಿ ದಿನ ಬಿಟ್ಟು ದಿನ ತೆರೆಯುವ ಪದ್ಧತಿಯೂ ಬಂತು. ಹಾಲಿನವನು ಇರುವ ದಿನ ಚಪ್ಪಲಿ ಹೊಲಿಯುವವನು ಇಲ್ಲ ಎಂಬಷ್ಟೇ ನಮಗೆ ತಿಳಿಯುತ್ತಿತ್ತು.

ಇದೆಲ್ಲ ಸಣ್ಣ ಕಿರಿಕಿರಿ. ನಿಜವಾದ ವಿಷಯ ಲೋಕಲ್ ಗಾಡಿ.

ಪುಣೆ, ಚೆನ್ನೈ, ದಿಲ್ಲಿಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂಬಯಿಯಲ್ಲಿ ಲೋಕಲ್ ಎಂಬುದು ಸಾರಿಗೆಯ ಒಂದು ಬಗೆಯಲ್ಲ. ಊರು ಅದರ ಮೇಲೆ ನಿಂತಿದೆ. ಕೋವಿಡ್ಡಿಗೆ ಮೊದಲು ದಿನವೊಂದಕ್ಕೆ ಸುಮಾರು 75 ಲಕ್ಷ ಜನ ಅದರಲ್ಲಿ ಓಡಾಡುತ್ತಿದ್ದರು. ಡೊಂಬಿವಲಿಯಂಥ ಊರುಗಳಲ್ಲಿ, ನಮ್ಮಂಥ ಸಾವಿರಾರು ಕನ್ನಡಿಗರು ಮನೆ ಮಾಡಿಕೊಂಡಿರುವುದು, ವೇಗದ ಗಾಡಿ ಸಿಕ್ಕರೆ ಗಂಟೆ ಚಿಲ್ಲರೆಯಲ್ಲಿ ಕೋಟೆ ಪ್ರದೇಶ ತಲುಪಬಹುದೆಂಬ ಒಂದೇ ಧೈರ್ಯದ ಮೇಲೆ. ಆ ಗಾಡಿ 2020ರ ಮಾರ್ಚ್ 22ರ ನಡುರಾತ್ರಿ ನಿಂತಿತು. ಜೂನ್ 15ರಂದು ರಾಜ್ಯ ಸರಕಾರ ಗುರುತಿಸಿದ ಅಗತ್ಯ ಸೇವೆಯವರಿಗಾಗಿ ಮತ್ತೆ ಹೊರಟಿತು. ಜುಲೈ 1ರಿಂದ ಕೇಂದ್ರ ಸರಕಾರದ ನೌಕರರು, ಆದಾಯ ತೆರಿಗೆ, ಕಸ್ಟಮ್ಸ್, ಅಂಚೆ, ರಾಷ್ಟ್ರೀಕೃತ ಬ್ಯಾಂಕು, ನ್ಯಾಯಾಂಗ, ರಾಜಭವನ ಇವರೂ ಆ ಪಟ್ಟಿ ಸೇರಿದರು. ಹೀಗೆ ಒಂದು ಬುಧವಾರದ ಬೆಳಗಾಗುವಷ್ಟರಲ್ಲಿ ನಾವು ಅಗತ್ಯದವರಾದೆವು. ಮರುದಿನವೇ ನಮ್ಮ ಕಲ್ಯಾಣ-ಡೊಂಬಿವಲಿಯಲ್ಲಿ ಮತ್ತೆ ಲಾಕ್‌ಡೌನ್ ಜಾರಿಯಾಯಿತು. ಆದರೂ ಗುರುತಿನ ಚೀಟಿ ತೋರಿಸಿದ ನಮ್ಮನ್ನು ಸ್ಟೇಷನ್ನಿನೊಳಗೆ ಬಿಟ್ಟರು.

ಆ ಗಾಡಿಯಲ್ಲಿ ಕುಳಿತ ಅನುಭವವನ್ನು ಏನೆಂದು ಹೇಳುವುದು? ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ಠಾಣೆಯ ಖಾರಿ ನೀರನ್ನು ಕಿಟಕಿಯಿಂದ ಇಡಿಯಾಗಿ ನೋಡಿದೆವು. ಒಂದು ಸೀಟು ಬಿಟ್ಟು ಒಂದು ಸೀಟು. ಕಾಲು ಚಾಚಬಹುದು. ಸುಖವಾಗಿತ್ತು ಎಂದು ಬರೆಯಲು ಸಂಕೋಚವಾದರೂ ಸುಖವಾಗಿಯೇ ಇತ್ತು. ಆದರೆ ಅದೇ ಬೆಳಿಗ್ಗೆ ನಾವು ಸ್ಟೇಷನ್ನಿಗೆ ನಡೆದು ಬರುವ ದಾರಿಯಲ್ಲಿ, ಬಸ್ಸಿಗಾಗಿ ನಿಂತವರ ಸಾಲು ಎರಡು ತಿರುವು ದಾಟಿ ಹೋಗಿತ್ತು. ಅದರಲ್ಲಿ ನಮ್ಮ ಮಹಡಿಯವರೇ ಆದ, ಕುಂದಾಪುರದ ಕಡೆಯ ಮೂವತ್ತಾರರ ಗೃಹಸ್ಥರೊಬ್ಬರು ಇದ್ದರು. ಮಸ್ಜಿದ್ ಬಂದರಿನ ಬಟ್ಟೆ ಪೇಢಿಯೊಂದರಲ್ಲಿ ಲೆಕ್ಕ ಬರೆಯುವವರು. ಖಾಸಗಿ ಕಚೇರಿಗಳು ಶೇಕಡಾ 10ರಷ್ಟು ಜನರನ್ನು ಕರೆಸಿಕೊಳ್ಳಬಹುದೆಂದು ಜೂನ್ 8ರಿಂದ ಅನುಮತಿ ಇತ್ತು. ಅವರ ಪೇಢಿಯ ಹತ್ತರಲ್ಲಿ ಒಬ್ಬರು ಇವರು. ಕೆಲಸಕ್ಕೆ ಬರಬಹುದು, ಆದರೆ ಕೆಲಸಕ್ಕೆ ಬರುವ ಗಾಡಿ ಹತ್ತಬಾರದು. ಬೆಳಿಗ್ಗೆ ಐದಕ್ಕೆ ಸಾಲು ಹಿಡಿದು, ಕಲ್ಯಾಣ-ಶೀಳ್ ರಸ್ತೆಯ ಹೊಂಡಗಳಲ್ಲಿ ಕುಲುಕಿ, ಐವತ್ತು ಜನರಿಗೆ ಮೈ ತಾಗಿಸಿಕೊಂಡು ಮೂರು ಗಂಟೆಯಲ್ಲಿ ಮುಂಬಯಿ ಸೇರುತ್ತಿದ್ದರು. ಸಂಜೆ ಮತ್ತೆ ಮೂರು ಗಂಟೆ.

"ನಿಮ್ಮ ಕಾರ್ಡಿಗೆ ಆ ವೈರಸ್ಸು ಹೆದರುತ್ತದಾ ಮಾರಾಯ್ರೆ?" ಎಂದು ಒಂದು ದಿನ ಲಿಫ್ಟಿನ ಬಳಿ ಕೇಳಿದರು. ನಗುತ್ತಲೇ ಕೇಳಿದರು. ನಾವೂ ನಕ್ಕೆವು, ಉತ್ತರ ಇರಲಿಲ್ಲ.

ಉತ್ತರವಿಲ್ಲದೆ ಇರಲಿಲ್ಲ ಎಂಬುದೇ ಈ ಪ್ರಕರಣದ ವಿಷಾದ. ದೂರ ಕಾಯ್ದುಕೊಂಡರೆ ಒಂದು ಗಾಡಿಯಲ್ಲಿ ಸುಮಾರು 700 ಮಂದಿ ಹೋಗಬಹುದು ಎಂದು ರೈಲ್ವೆಯ ಲೆಕ್ಕಾಚಾರವಿತ್ತು. ಹಿಂದೆ ಬೆಳಗಿನ ದಟ್ಟಣೆಯಲ್ಲಿ ಅದೇ ಗಾಡಿ ಇದರ ಹಲವು ಪಟ್ಟು ಜನರನ್ನು ಹೇರಿಕೊಂಡು ಓಡುತ್ತಿತ್ತು. 75 ಲಕ್ಷ ಜನರನ್ನು ಒಮ್ಮೆಲೇ ಒಳಗೆ ಬಿಡುವುದು ಯಾವ ಸರಕಾರಕ್ಕೂ ಸಾಧ್ಯವಿರಲಿಲ್ಲ. ಬಿಡಬೇಕಾಗಿತ್ತು ಎಂದು ವಾದಿಸುವವರ ಜತೆ ನಾವಿಲ್ಲ. ಆದರೆ ಈ ಲೆಕ್ಕವನ್ನು ಜನರ ಮುಂದಿಟ್ಟು, ಇಷ್ಟು ಸೀಟಿದೆ, ಈ ಕಾರಣಕ್ಕೆ ಇವರು ಮೊದಲು, ಇಂಥ ತಿಂಗಳು ನಿಮ್ಮ ಸರದಿ ಎಂದು ಹೇಳುವ ಹೊಣೆ ಯಾರದಾಗಿತ್ತು? ಯಾರೂ ಹೇಳಲಿಲ್ಲ. ಪಟ್ಟಿ ಬಂತು, ಕಾರಣ ಬರಲಿಲ್ಲ. ಜುಲೈ 22ರಂದು ನಾಲಾಸೋಪಾರದಲ್ಲಿ ಬಸ್ಸು ಬರದೆ ಕಾದು ಸೋತ ಜನ ಸ್ಟೇಷನ್ನಿಗೆ ನುಗ್ಗಿ ಹಳಿಯ ಮೇಲೆ ಇಳಿದರು. ಪತ್ರಿಕೆಗಳು ಅದನ್ನು ಆಂದೋಲನ ಎಂದು ಬರೆದವು. ಅವರು ಕೇಳಿದ್ದು ನೌಕರಿಗೆ ಹೋಗುವ ದಾರಿಯನ್ನು, ಅಷ್ಟೆ.

ಅಕ್ಟೋಬರ್ ಬಂತು. ಮಹಿಳೆಯರನ್ನು 17ರಿಂದ ಗಾಡಿಯಲ್ಲಿ ಬಿಡಬೇಕೆಂದು ರಾಜ್ಯ ಸರಕಾರ ರೈಲ್ವೆಗೆ ಹಿಂದಿನ ದಿನ ಪತ್ರ ಬರೆಯಿತು. ವ್ಯವಸ್ಥೆಗೆ ಸಮಯ ಬೇಕೆಂದು ರೈಲ್ವೆ ಹೇಳಿತು. 21ರಿಂದ ಅನುಮತಿ ಸಿಕ್ಕಿತು: ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ, ಮತ್ತು ರಾತ್ರಿ ಏಳರ ನಂತರ. ಸಾರ್ವಜನಿಕರೆಲ್ಲರಿಗೂ ತೆರೆಯುವ ಪ್ರಸ್ತಾಪದ ಪತ್ರ ಅದೇ ತಿಂಗಳ ಕೊನೆಗೆ ಹೋಯಿತು. ಫಲ ಕಂಡದ್ದು 2021ರ ಫೆಬ್ರವರಿ 1ರಂದು. ಪತ್ರ ಬರೆದವರ ಮತ್ತು ಪತ್ರ ಪಡೆದವರ ಕಚೇರಿಗಳು ಒಂದೇ ನಗರದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿವೆ. ಪತ್ರವ್ಯವಹಾರವೇ ನಮ್ಮ ಹೊಟ್ಟೆಪಾಡು. 'ಪರಿಶೀಲನೆಯಲ್ಲಿದೆ' ಎಂದರೆ ಏನೆಂದು ನಾವು ಬಲ್ಲೆವು. ಎರಡು ಬೇರೆ ಪಕ್ಷಗಳ ಸರಕಾರಗಳ ನಡುವೆ ಹಾಗೆಂದರೆ ಇನ್ನೂ ಬೇರೇನೋ.

ಫೆಬ್ರವರಿಯ ಆ ಅನುಮತಿಯನ್ನು ಕೊಂಚ ನಿಧಾನವಾಗಿ ಓದಬೇಕು. ಸಾಮಾನ್ಯ ಪ್ರಯಾಣಿಕರು ಬೆಳಗಿನ ಮೊದಲ ಗಾಡಿಯಿಂದ ಏಳು ಗಂಟೆಯವರೆಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ರಾತ್ರಿ ಒಂಬತ್ತರ ನಂತರ ಹತ್ತಬಹುದು. ಪೇಢಿ ತೆರೆಯುವುದು ಹತ್ತಕ್ಕೆ, ಮುಚ್ಚುವುದು ಆರೂವರೆಗೆ. ನಮ್ಮ ಕುಂದಾಪುರದವರು ಆರೂ ಮುಕ್ಕಾಲರ ಗಾಡಿ ಹಿಡಿದು, ಎಂಟಕ್ಕೆ ಇಳಿದು, ಪೇಢಿಯ ಮೆಟ್ಟಿಲ ಮೇಲೆ ಎರಡು ಗಂಟೆ ಕೂರುತ್ತಿದ್ದರು. ಸಂಜೆ ಎರಡೂವರೆ ಗಂಟೆ ಅದೇ ಮೆಟ್ಟಿಲು. ಮನೆ ತಲುಪುವಾಗ ಹತ್ತೂವರೆ, ಮಗಳು ಮಲಗಿರುತ್ತಿದ್ದಳು. ಕಚೇರಿಗಳ ಹೊತ್ತನ್ನು ಹಿಂದೆಮುಂದೆ ಮಾಡಿ ದಟ್ಟಣೆ ಚದುರಿಸಬೇಕೆಂಬ ಸಲಹೆ ಮುಂಬಯಿಗೆ ಹೊಸತಲ್ಲ, ದಶಕಗಳಿಂದ ಇದೆ. ಕಚೇರಿಗಳಿಗೆ ಸರಕಾರ ವಿನಂತಿ ಮಾಡಿತು. ನಿರ್ಬಂಧ ಹಾಕಿದ್ದು ಪ್ರಯಾಣಿಕನ ಮೇಲೆ.

ಇಂಗ್ಲಿಷ್ ಎಂ.ಎ.ಗೆ ಓದಿದವರಿಗೆ ಡೇನಿಯಲ್ ಡೆಫೋ 1722ರಲ್ಲಿ ಪ್ರಕಟಿಸಿದ, 1665ರ ಲಂಡನ್ ಪ್ಲೇಗಿನ ಕಥನ ನೆನಪಿರಬಹುದು. ಸಾವಿನ ಸಂಖ್ಯೆ ಇಳಿಯಿತೆಂದ ಕೂಡಲೇ ಜನ ಎಚ್ಚರ ಬಿಟ್ಟು ಬೀದಿಗಿಳಿದರೆಂದು ಅದರ ನಿರೂಪಕ ಬಹಳ ನೊಂದುಕೊಳ್ಳುತ್ತಾನೆ. ನಮ್ಮ ಮಂತ್ರಿಗಳೂ ಅದನ್ನೇ ಹೇಳುತ್ತಿದ್ದರು: ಜನ ಬೇಜವಾಬ್ದಾರಿಗಳು. ಬೀದಿಗಿಳಿದವರೆಲ್ಲ ಮಜಾ ಮಾಡಲು ಇಳಿದವರೆಂದು ಡೆಫೋನ ನಿರೂಪಕನೂ ಅಂದುಕೊಂಡಿರಲಾರ.

ತವರಿನ ಮಾತನ್ನೂ ಎತ್ತದೆ ಬಿಡುವಂತಿಲ್ಲ. ನಾಲ್ಕನೆಯ ಲಾಕ್‌ಡೌನಿನಲ್ಲಿ, ಸಂಬಂಧಪಟ್ಟ ರಾಜ್ಯಗಳು ಪರಸ್ಪರ ಒಪ್ಪಿದರೆ ಜನ ರಾಜ್ಯದಿಂದ ರಾಜ್ಯಕ್ಕೆ ಓಡಾಡಬಹುದು ಎಂದು ಕೇಂದ್ರ ತಿಳಿಸಿತು. 2020ರ ಮೇ 18ರಂದು ಕರ್ನಾಟಕವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಮುಂಬಯಿಯಿಂದ ಮರಳಿದವರಲ್ಲಿ ಸೋಂಕು ಹೆಚ್ಚಿತ್ತು ಎಂಬುದು ಸುಳ್ಳಲ್ಲ. ಉಡುಪಿ, ಮಂಡ್ಯ ಜಿಲ್ಲೆಗಳ ಆ ದಿನಗಳ ಅಂಕಿಗಳು ಅದನ್ನೇ ಹೇಳುತ್ತಿದ್ದವು. ಆದರೂ ನಿಪ್ಪಾಣಿಯ ಬಳಿ ಕೊಗನೊಳ್ಳಿಯ ತಪಾಸಣಾ ಠಾಣೆಯಲ್ಲಿ ಕನ್ನಡದಲ್ಲೇ 'ನೀವು ಹೊರಗಿನವರು' ಎನ್ನಿಸಿಕೊಳ್ಳುವುದು ಬೇರೆ ಬಗೆಯ ನೋವು. ಇಲ್ಲಿ ನಮ್ಮನ್ನು ದಕ್ಷಿಣದವರು ಎನ್ನುತ್ತಾರೆ, ಅಲ್ಲಿ 'ಮುಂಬಯಿಯವರು ಬಂದರು' ಎಂದು ಅಂಗಳದ ಬಾಗಿಲು ಹಾಕಿದರು. ಊರಿನ ಶಾಲೆಗೆ ಬೆಂಚು ಕೊಟ್ಟವರೂ, ದೈವಸ್ಥಾನಕ್ಕೆ ಹೆಂಚು ಹೊದಿಸಿದವರೂ ಆ ಮುಂಬಯಿಯವರೇ.

ಎರಡನೆಯ ಅಲೆ ತಗ್ಗಿದಾಗಲಾದರೂ ಪಾಠ ಕಲಿತಾರೆಂದು ನಾವು ಕಾದೆವು. 2021ರ ಜೂನ್ 3ರಂದು ರಾಜ್ಯದ ಮಂತ್ರಿಯೊಬ್ಬರು ಹದಿನೆಂಟು ಜಿಲ್ಲೆಗಳು ಪೂರ್ತಿ ತೆರೆಯುತ್ತವೆ ಎಂದು ಘೋಷಿಸಿದರು. ಕೆಲವೇ ಗಂಟೆಗಳಲ್ಲಿ, ಹಾಗೇನೂ ನಿರ್ಧಾರವಾಗಿಲ್ಲ ಎಂದು ಸರಕಾರವೇ ಸ್ಪಷ್ಟನೆ ಕೊಟ್ಟಿತು. 7ರಿಂದ ಐದು ಹಂತಗಳ ಪದ್ಧತಿ ಬಂತು: ಸೋಂಕಿನ ಪ್ರಮಾಣ ಮತ್ತು ಆಮ್ಲಜನಕದ ಹಾಸಿಗೆಗಳ ಲೆಕ್ಕ ನೋಡಿ ಊರಿನ ಹಂತ ನಿರ್ಧಾರ. ಇದು ಸರಿಯಾದ ಕ್ರಮ, ಕಾರಣವೂ ಕಣ್ಣಿಗೆ ಕಾಣುವಂಥದ್ದು ಎಂದು ನಾವು ಸಂತೋಷಪಟ್ಟೆವು. ಆದರೆ ಮುಂಬಯಿಯ ಅಂಕಿಗಳು ಮೇಲಿನ ಹಂತಕ್ಕೆ ಅರ್ಹವಾದರೂ ನಗರ ಮೂರನೆಯ ಹಂತದಲ್ಲೇ ಉಳಿಯಿತು. ಹೋಟೆಲುಗಳು ಸಂಜೆ ನಾಲ್ಕಕ್ಕೆ ಬಾಗಿಲು ಹಾಕಬೇಕಿತ್ತು. ನಮ್ಮ ಉಡುಪಿ ಹೋಟೆಲಿನವರ ದುಡಿಮೆಯೆಲ್ಲ ಸಂಜೆಯದು; ಕಾವಲಿ ಕಾಯುವ ಹೊತ್ತಿಗೆ ಶಟರು ಎಳೆಯಬೇಕಾದವರಿಗೆ ಅನುಮತಿ ಇದ್ದೂ ಏನು ಫಲ?

ಆಗಸ್ಟ್ 15ರಿಂದ, ಎರಡೂ ಡೋಸು ಪಡೆದು ಹದಿನಾಲ್ಕು ದಿನ ಕಳೆದವರೆಲ್ಲರಿಗೂ ಲೋಕಲ್ ತೆರೆಯಿತು. ಕೇಳಲು ನ್ಯಾಯವಾಗಿದೆ. ಆದರೆ 45 ದಾಟಿದವರಿಗೆ ಲಸಿಕೆ ಏಪ್ರಿಲ್ 1ರಿಂದ ಸಿಗುತ್ತಿತ್ತು. ಅದಕ್ಕಿಂತ ಕಿರಿಯರಿಗೆ ಮೇ 1ರಿಂದ, ಅದೂ ದಾಸ್ತಾನು ಇದ್ದ ದಿನ ಮಾತ್ರ. ಮೇ ನಡುವಿನಿಂದ ಕೋವಿಶೀಲ್ಡಿನ ಎರಡು ಡೋಸುಗಳ ಅಂತರ ಹನ್ನೆರಡು ವಾರಕ್ಕೆ ಏರಿತ್ತು. ದುಡಿಯುವ ವಯಸ್ಸಿನವರಲ್ಲಿ ಬಹುಪಾಲು ಜನ ಆ ಆಗಸ್ಟಿನಲ್ಲಿ ಅರ್ಹರಾಗುವುದು ಕ್ಯಾಲೆಂಡರಿನ ಪ್ರಕಾರವೇ ಅಸಾಧ್ಯವಾಗಿತ್ತು. ನಮ್ಮ ಮಹಡಿಯವರಿಗೆ ಮೊದಲ ಡೋಸು ಸಿಕ್ಕಿದ್ದು ಜುಲೈ 17ಕ್ಕೆ. ಎರಡನೆಯದು ಅಕ್ಟೋಬರ್ 9ಕ್ಕೆ. ಅದರ ಮೇಲೆ ಹದಿನಾಲ್ಕು ದಿನ. ಅಷ್ಟರವರೆಗೆ ಮತ್ತೆ ಶೀಳ್ ರಸ್ತೆಯ ಬಸ್ಸು.

ಅಕ್ಟೋಬರ್ 25ರ ಸೋಮವಾರ ಅವರು ಪ್ರಮಾಣಪತ್ರ ತೋರಿಸಿ ಮಾಸಿಕ ಪಾಸು ಮಾಡಿಸಿ ನಮ್ಮೊಡನೆ ಎಂಟೂಕಾಲರ ಗಾಡಿಗೆ ಬಂದರು. ಕೂರಲು ಜಾಗವಿರಲಿಲ್ಲ. ನಿಲ್ಲಲೂ ಇರಲಿಲ್ಲ. ಒಂದು ಸೀಟು ಬಿಟ್ಟು ಕೂರಿ ಎಂಬ ಚೀಟಿಗಳು ಅರ್ಧ ಹರಿದು ಇನ್ನೂ ಅಂಟಿಕೊಂಡಿದ್ದವು, ಅವುಗಳ ಮೇಲೆ ಜನ ಕುಳಿತಿದ್ದರು. ದಿವಾ ದಾಟುವಾಗ ಯಾರದೋ ಮೊಣಕೈ ಅವರ ಪಕ್ಕೆಗೆ ತಾಗಿತು. "ಸ್ವಲ್ಪ ಒಳಗೆ ಸರೀರಿ ಮಾರಾಯ್ರೆ," ಎಂದು ಅವರು ನಮಗೆ ಹೇಳಿದರು.